ಕಾಫ್ಕಾ: ರಿಟೆನ್ಷನ್ 1 ದಿನ ಅಂತ ಇದ್ರೂ ಎರಡು ಪಾರ್ಟಿಶನ್‌ಗಳಲ್ಲಿ ಹಳೇ ಡೇಟಾ ಅಳಿಯುತ್ತಿಲ್ಲ

ಗಾಡಿಲೆಕ್ಕ
ಎಲ್ಲರಿಗೂ ನಮಸ್ಕಾರ. ಕಾಫ್ಕಾ (ಮೆಸೇಜ್‌ಗಳನ್ನ ಸಾಲಾಗಿ ಬರೆದಿಟ್ಟು ಬೇಕಾದವರಿಗೆ ಓದಿಸೋ ಸಾಫ್ಟ್‌ವೇರ್) 3.7, ಕ್ರಾಫ್ಟ್ ಮೋಡ್ (ಜೂಕೀಪರ್ ಇಲ್ಲ), ಮೂರು ಬ್ರೋಕರ್ (ಸರ್ವರ್). ಗಾಡಿಗಳ ಜಿಪಿಎಸ್ ಡೇಟಾ ಬಂದು ಬೀಳುವ ಒಂದು ಟಾಪಿಕ್ (ಮೆಸೇಜ್ ಸಾಲು) ಇದೆ. 12 ಪಾರ್ಟಿಶನ್ (ಅದರ ಭಾಗಗಳು), ರೆಪ್ಲಿಕೇಶನ್ 3 (ತಲಾ ಮೂರು ಪ್ರತಿ), ಕೀ ಜಾಗದಲ್ಲಿ ಗಾಡಿ ನಂಬರ್. ರಿಟೆನ್ಷನ್.ಎಂಎಸ್ (ಡೇಟಾ ಇಟ್ಟುಕೊಳ್ಳೋ ಅವಧಿ) 86400000, ಅಂದ್ರೆ ಒಂದು ದಿನ. ಕ್ಲೀನಪ್.ಪಾಲಿಸಿ ಡಿಲೀಟ್. ಸೆಗ್ಮೆಂಟ್.ಬೈಟ್ಸ್ (ಒಂದು ಡೇಟಾ ಫೈಲಿನ ಮಿತಿ) 268435456.

ಹತ್ತು ಪಾರ್ಟಿಶನ್ ತಲಾ 3–4 ಜಿಬಿಯಲ್ಲಿ ನಿಂತಿವೆ. 3 ಮತ್ತು 8 ಮಾತ್ರ ಬೆಳೀತಾನೇ ಇವೆ, ಈಗ 60 ಜಿಬಿ ದಾಟಿವೆ. ಮೂರೂ ಬ್ರೋಕರ್‌ಗಳಲ್ಲಿ ಇದೇ ಕಥೆ. ರೀಸ್ಟಾರ್ಟ್ ಮಾಡಿದ್ರೂ ಏನೂ ಬದಲಾಗಲಿಲ್ಲ. ಎಲ್ಲಿಂದ ಹುಡುಕೋಕೆ ಶುರು ಮಾಡ್ಲಿ?

ಧಾರವಾಡ_ಡೆವ್
ಮೊದ್ಲ ಸೆಟ್ಟಿಂಗ್ ಖರೇನ ಹತ್ತೇತೇನು ನೋಡ್ರಿ. ಕಾಫ್ಕಾ-ಕಾನ್ಫಿಗ್ಸ್ ಕಮಾಂಡಿಗೆ ಎಂಟಿಟಿ-ಟೈಪ್ ಟಾಪಿಕ್ಸ್, ಟಾಪಿಕ್ ಹೆಸರು, ಡಿಸ್ಕ್ರೈಬ್, ಜೋಡಿ ಆಲ್ ಅನ್ನೂ ಆಪ್ಶನ್ನೂ ಕೊಡ್ರಿ. ಆಲ್ ಇಲ್ಲಾಂದ್ರ ಟಾಪಿಕ್ ಮ್ಯಾಲೆ ಕೈಯಿಂದ ಹಾಕಿದ್ದಷ್ಟ ಕಾಣ್ತೈತಿ. ಆಲ್ ಕೊಟ್ರ ಪ್ರತಿ ಸಾಲಿನ ಕಡೀಕ ಸಿನೊನಿಮ್ಸ್ ಅಂತ ಬರ್ತೈತಿ, ಆ ಬೆಲೆ ಎಲ್ಲಿಂದ ಬಂತು ಅನ್ನೂದು ಅದರಾಗ ಗೊತ್ತಾಗ್ತೈತಿ. ಟಾಪಿಕ್ ಮ್ಯಾಲೆ ಇದ್ದದ್ದು ಮೊದಲು, ಆಮ್ಯಾಲೆ ಬ್ರೋಕರ್‌ದ್ದು, ಕಡೀಕ ಡೀಫಾಲ್ಟ್.

ಬ್ರೋಕರ್ ಮಟ್ಟದಾಗ ಲಾಗ್.ರಿಟೆನ್ಷನ್.ಎಂಎಸ್ ಇದ್ರ ಮಿನಿಟ್ಸ್ ಲೆಕ್ಕಕ್ಕಿಲ್ಲ, ಮಿನಿಟ್ಸ್ ಇದ್ರ ಅವರ್ಸ್ ಲೆಕ್ಕಕ್ಕಿಲ್ಲ. ಭಾಳ ಮಂದಿ ಸರ್ವರ್ ಪ್ರಾಪರ್ಟೀಸ್ ಫೈಲಿನಾಗ ಅವರ್ಸ್ ತಿದ್ದಿ, ಯಾಕ ಆಗವಲ್ದು ಅಂತ ಕುಂತಿರ್ತಾರ.

ಹಳೇಬ್ರೋಕರ್
ಧಾರವಾಡದವರು ಹೇಳಿದ್ದು ಸಾಮಾನ್ಯವಾಗಿ ಮೊದಲ ಹೆಜ್ಜೆ. ಆದರೆ ಇಲ್ಲಿ ಬೇಡ. ಟಾಪಿಕ್ ಸೆಟ್ಟಿಂಗ್ ಹನ್ನೆರಡೂ ಪಾರ್ಟಿಶನ್‌ಗಳಿಗೆ ಒಂದೇ. ಹತ್ತು ಸರಿಯಾಗಿದ್ದು ಎರಡು ಕೆಟ್ಟಿವೆ ಅಂದ್ರೆ ಕಾನ್ಫಿಗ್ ಬಿಟ್ಟು ಫೈಲ್ ನೋಡಿ.

ಕಾಫ್ಕಾ ಒಂದೊಂದೇ ಮೆಸೇಜ್ ಅಳಿಸುವುದಿಲ್ಲ, ಸೆಗ್ಮೆಂಟ್ ಫೈಲನ್ನು ಇಡಿಯಾಗಿ ಅಳಿಸುತ್ತದೆ. ಸೆಗ್ಮೆಂಟ್‌ನ ವಯಸ್ಸು ಲೆಕ್ಕ ಹಾಕುವುದು ಫೈಲ್ ಹುಟ್ಟಿದ ದಿನದಿಂದಲೂ ಅಲ್ಲ, ಮೊದಲ ಮೆಸೇಜಿನಿಂದಲೂ ಅಲ್ಲ. ಅದರೊಳಗಿನ ಅತಿ ದೊಡ್ಡ ಟೈಮ್‌ಸ್ಟ್ಯಾಂಪ್‌ನಿಂದ. ಪರಿಶೀಲನೆ ಅತಿ ಹಳೇ ಸೆಗ್ಮೆಂಟ್‌ನಿಂದ ಶುರುವಾಗುತ್ತದೆ. ಅಳಿಸಲಾಗದ ಮೊದಲ ಸೆಗ್ಮೆಂಟ್ ಸಿಕ್ಕ ಕೂಡಲೇ ಅಲ್ಲಿಗೇ ನಿಲ್ಲುತ್ತದೆ. ಅದರ ಹಿಂದಿನವು ಎಷ್ಟೇ ಹಳೆಯದಾಗಿರಲಿ, ಮುಟ್ಟುವುದಿಲ್ಲ. ಸಿಂಗಲ್ ರೋಡಿನಲ್ಲಿ ಮುಂದಿನ ಲಾರಿ ಕೆಟ್ಟು ನಿಂತ ಹಾಗೆ.

ಎರಡು ವಿಷಯ ಕಳಿಸಿ. ಒಂದು, 3ನೇ ಪಾರ್ಟಿಶನ್ ಡೈರೆಕ್ಟರಿಯಲ್ಲಿ ಅತಿ ಹಳೇ ನಾಲ್ಕೈದು ಫೈಲ್‌ಗಳ ಹೆಸರು ಮತ್ತು ಸೈಜ್. ಎರಡು, ಅತಿ ಹಳೇ ಸೆಗ್ಮೆಂಟ್‌ನ ಟೈಮ್‌ಇಂಡೆಕ್ಸ್ ಫೈಲನ್ನು (ಟೈಮ್‌ಸ್ಟ್ಯಾಂಪ್‌ಗಳ ಸೂಚಿ) ಕಾಫ್ಕಾ-ಡಂಪ್-ಲಾಗ್‌ಗೆ ಕೊಟ್ಟು ಬರುವ ಕೊನೇ ಸಾಲು. ಸರಿ ಇರುವ ಒಂದು ಪಾರ್ಟಿಶನ್‌ನದ್ದೂ ಇರಲಿ, ಹೋಲಿಸೋಕೆ.

ರೂಟ್_ಯೂಸರ್
ಡಿಸ್ಕ್ ತುಂಬೋ ಸ್ಥಿತಿ ಇದ್ರೆ ಹಳೇ ಲಾಗ್ ಫೈಲ್ ಆರ್‌ಎಂ ಮಾಡಿ ಬಿಸಾಕಿ ಗುರು, ಎರಡು ನಿಮಿಷದ ಕೆಲಸ.

ಹಳೇಬ್ರೋಕರ್
ಬೇಡ. ಬ್ರೋಕರ್ ಆ ಫೈಲನ್ನು ತೆರೆದು ಹಿಡಿದಿರುತ್ತದೆ, ಹಾಗಾಗಿ ಆರ್‌ಎಂ ಮಾಡಿದರೂ ಜಾಗ ಬಿಡುಗಡೆಯಾಗಲ್ಲ. ಆಮೇಲೆ ಬ್ರೋಕರ್ ತಾನೇ ಆ ಫೈಲನ್ನು ಅಳಿಸೋಕೆ ಹೋಗಿ, ಅದು ಸಿಗದೆ ಐಒ ಎರರ್ ಬಂದರೆ ಇಡೀ ಲಾಗ್ ಡೈರೆಕ್ಟರಿ ಆಫ್‌ಲೈನ್ ಆಗುತ್ತದೆ. ಇರುವುದು ಒಂದೇ ಡೈರೆಕ್ಟರಿ ಆಗಿದ್ದರೆ ಬ್ರೋಕರೇ ಮಲಗುತ್ತದೆ. ಸಾಲದ್ದಕ್ಕೆ ಮೂರು ರೆಪ್ಲಿಕಾಗಳಲ್ಲಿ ಲಾಗ್ ಶುರುವಾಗುವ ಜಾಗ ಮೂರು ಥರ ಆಗಿರುತ್ತದೆ. ಅಳಿಸೋಕೆ ಸರಿಯಾದ ದಾರಿ ಇದೆ, ಬರ್ತೀನಿ ಅದಕ್ಕೆ.

ಗಾಡಿಲೆಕ್ಕ
3ನೇ ಪಾರ್ಟಿಶನ್‌ನ ಅತಿ ಹಳೇ ಫೈಲ್‌ಗಳು:

00000000000041207733.ಲಾಗ್ – 268 ಎಂಬಿ
00000000000042101958.ಲಾಗ್ – 11 ಎಂಬಿ
00000000000042138604.ಲಾಗ್ – 268 ಎಂಬಿ
00000000000043033190.ಲಾಗ್ – 7 ಎಂಬಿ

ಮುಂದೆ ಪೂರ್ತಿ ಹೀಗೇ ಇದೆ, ಒಂದು ದೊಡ್ಡದು ಒಂದು ಸಣ್ಣದು. ಸರಿ ಇರೋ ಪಾರ್ಟಿಶನ್‌ಗಳಲ್ಲಿ ಎಲ್ಲಾ 268 ಎಂಬಿಯವೇ.

ಟೈಮ್‌ಇಂಡೆಕ್ಸ್ ಕೊನೇ ಸಾಲು (ಆಫ್‌ಸೆಟ್ ಅಂದ್ರೆ ಪಾರ್ಟಿಶನ್‌ನಲ್ಲಿ ಮೆಸೇಜಿನ ಕ್ರಮಸಂಖ್ಯೆ), 3ನೇ ಪಾರ್ಟಿಶನ್:
ಟೈಮ್‌ಸ್ಟ್ಯಾಂಪ್: 1750912344871000 ಆಫ್‌ಸೆಟ್: 41980216

5ನೇ ಪಾರ್ಟಿಶನ್ (ಸರಿ ಇರೋದು):
ಟೈಮ್‌ಸ್ಟ್ಯಾಂಪ್: 1752561127340 ಆಫ್‌ಸೆಟ್: 58811402

ತುಂಗಾತೀರ
ಅಂಕಿಗಳನ್ನು ಎಣಿಸಿ. 5ನೇ ಪಾರ್ಟಿಶನ್‌ನಲ್ಲಿ 13 ಅಂಕಿ, ಅದು ಮಿಲಿಸೆಕೆಂಡ್. 3ನೆಯದರಲ್ಲಿ 16 ಅಂಕಿ, ಅದು ಮೈಕ್ರೋಸೆಕೆಂಡ್. ಕಾಫ್ಕಾ ಎರಡನ್ನೂ ಮಿಲಿಸೆಕೆಂಡ್ ಎಂದೇ ಓದುತ್ತದೆ. ಅದರ ಲೆಕ್ಕದಲ್ಲಿ ಆ ಮೆಸೇಜ್ ಹುಟ್ಟಿರುವುದು ಕ್ರಿ.ಶ. 57 ಸಾವಿರದ ಆಸುಪಾಸಿನಲ್ಲಿ. ಒಂದು ದಿನದ ರಿಟೆನ್ಷನ್ ಅಲ್ಲಿಂದಾಚೆಗೆ ಶುರು.

ಕೀ ಗಾಡಿ ನಂಬರ್ ಆದ್ದರಿಂದ ಒಂದು ಗಾಡಿಯ ಮೆಸೇಜ್‌ಗಳೆಲ್ಲ ಒಂದೇ ಪಾರ್ಟಿಶನ್‌ಗೆ ಹೋಗುತ್ತವೆ. ಬೇರೆ ಥರದ ಟೈಮ್‌ಸ್ಟ್ಯಾಂಪ್ ಕಳಿಸುವ ಕೆಲವೇ ಸಾಧನಗಳು ಇರಬೇಕು, ಅವುಗಳ ಹ್ಯಾಶ್ 3 ಮತ್ತು 8ಕ್ಕೆ ಬಿದ್ದಿದೆ. ಅಂಥ ಸಾಧನ ಹೆಚ್ಚಿದಂತೆ ಉಳಿದ ಪಾರ್ಟಿಶನ್‌ಗಳಿಗೂ ಇದೇ ಗತಿ.

ದೊಡ್ಡದು-ಸಣ್ಣದು ಸಾಲಿಗೂ ಕಾರಣ ಅದೇ. ಸಮಯದ ಮೇಲೆ ಹೊಸ ಸೆಗ್ಮೆಂಟ್ ತೆರೆಯುವಾಗ ಕಾಫ್ಕಾ ಗೋಡೆ ಗಡಿಯಾರ ನೋಡುವುದಿಲ್ಲ. ಸೆಗ್ಮೆಂಟ್‌ನ ಮೊದಲ ಬ್ಯಾಚಿನ (ಒಟ್ಟಿಗೆ ಬಂದ ಮೆಸೇಜ್ ಗುಂಪಿನ) ಟೈಮ್‌ಸ್ಟ್ಯಾಂಪ್‌ಗೂ ಈಗ ಬಂದ ಬ್ಯಾಚಿನ ಟೈಮ್‌ಸ್ಟ್ಯಾಂಪ್‌ಗೂ ಇರುವ ಅಂತರ ನೋಡುತ್ತದೆ. ಸೆಗ್ಮೆಂಟ್ ಸರಿಯಾದ ಮೆಸೇಜಿನಿಂದ ಶುರುವಾಗಿದ್ದರೆ, ಮೈಕ್ರೋಸೆಕೆಂಡಿನ ಮೊದಲ ಬ್ಯಾಚ್ ಬಂದ ಕ್ಷಣ ಅಂತರ ಸಾವಿರಾರು ವರ್ಷ ಆಗಿ, ಸೆಗ್ಮೆಂಟ್.ಎಂಎಸ್ ಮಿತಿ ದಾಟಿ, ಹೊಸ ಫೈಲ್ ತೆರೆಯುತ್ತದೆ. ಹಾಗೆ ಅರ್ಧಕ್ಕೇ ಮುಚ್ಚಿದ ಹಿಂದಿನದೇ ನಿಮ್ಮ 11 ಎಂಬಿ ಫೈಲ್. ಹೊಸ ಫೈಲ್ ಶುರುವಾಗುವುದೇ ಕೆಟ್ಟ ಟೈಮ್‌ಸ್ಟ್ಯಾಂಪಿನಿಂದ. ಆಮೇಲೆ ಬರುವ ಸರಿಯಾದ ಮೆಸೇಜ್‌ಗಳ ಅಂತರ ಋಣಾತ್ಮಕ, ಹಾಗಾಗಿ ಸಮಯದ ಮೇಲೆ ಅದು ಮುಚ್ಚುವುದೇ ಇಲ್ಲ, ಸೈಜ್ ತುಂಬಿದ ಮೇಲೆ ಮಾತ್ರ. ಅದು ನಿಮ್ಮ 268 ಎಂಬಿ ಫೈಲ್.

11 ಎಂಬಿ ಫೈಲಿನಲ್ಲಿ ಕೆಟ್ಟ ಮೆಸೇಜ್ ಇಲ್ಲವೇ ಇಲ್ಲ, ಅದರ ಅವಧಿ ಎಂದೋ ಮುಗಿದಿದೆ. ಆದರೂ ಮುಂದಿನದು ಕದಲದ ಕಾರಣ ಅದೂ ಉಳಿದಿದೆ.

ಗಾಡಿಲೆಕ್ಕ
ಡಂಪ್‌ನಲ್ಲಿ ಡೇಟಾ ಪ್ರಿಂಟ್ ಮಾಡೋ ಆಪ್ಶನ್ ಹಾಕಿ ನೋಡಿದೆ. ನೀವು ಹೇಳಿದ್ದೇ ಸರಿ, ಎಲ್ಲಾ ಒಂದೇ ಮಾದರಿಯ ಸಾಧನದವು. ಗೇಟ್‌ವೇ ಸಾಧನದ ಸಮಯವನ್ನ ಹಾಗೇ ರೆಕಾರ್ಡ್ ಟೈಮ್‌ಸ್ಟ್ಯಾಂಪ್ ಆಗಿ ಕಳಿಸ್ತಿದೆ. ಈಗ ತುಂಬಿರೋದನ್ನ ಖಾಲಿ ಮಾಡೋದು ಹೇಗೆ? ರಿಟೆನ್ಷನ್.ಎಂಎಸ್ ಅನ್ನ 1000ಕ್ಕೆ ಇಳಿಸಿದ್ರೆ ಆಗುತ್ತಾ?

ಹಳೇಬ್ರೋಕರ್
ಆಗಲ್ಲ. 57 ಸಾವಿರನೇ ಇಸವಿಗೆ ಒಂದು ದಿನ ಆದರೇನು, ಒಂದು ಸೆಕೆಂಡ್ ಆದರೇನು? ಸರಿ ಇರುವ ಹತ್ತು ಪಾರ್ಟಿಶನ್ ಮಾತ್ರ ಖಾಲಿಯಾಗುತ್ತವೆ, ಇವೆರಡು ಹಾಗೇ ಕೂತಿರುತ್ತವೆ.

ಟೈಮ್‌ಸ್ಟ್ಯಾಂಪ್ ನೋಡದೆ ಅಳಿಸುವ ದಾರಿ ಎರಡು: ರಿಟೆನ್ಷನ್.ಬೈಟ್ಸ್, ಅಥವಾ ಕಾಫ್ಕಾ-ಡಿಲೀಟ್-ರೆಕಾರ್ಡ್ಸ್. ಯಾವ ಆಫ್‌ಸೆಟ್‌ವರೆಗೆ ಹೋಗುತ್ತದೆ ಅಂತ ನಿಮಗೇ ಗೊತ್ತಿರುವುದರಿಂದ ನನಗೆ ಎರಡನೆಯದು ಇಷ್ಟ. ಕ್ರಮ ಹೀಗೆ:

1. ಕಾಫ್ಕಾ-ಕನ್ಸ್ಯೂಮರ್-ಗ್ರೂಪ್ಸ್‌ನ ಡಿಸ್ಕ್ರೈಬ್‌ನಲ್ಲಿ ಈ ಟಾಪಿಕ್ ಓದುವ ಎಲ್ಲಾ ಗ್ರೂಪ್‌ಗಳ ಕರೆಂಟ್-ಆಫ್‌ಸೆಟ್ ನೋಡಿ, 3 ಮತ್ತು 8ಕ್ಕೆ ಅತಿ ಚಿಕ್ಕದನ್ನು ಬರೆದಿಟ್ಟುಕೊಳ್ಳಿ. ಅದನ್ನು ದಾಟಿ ಅಳಿಸಬೇಡಿ. ದಾಟಿದರೆ ಆ ಗ್ರೂಪ್‌ಗೆ ಆಫ್‌ಸೆಟ್ ರೇಂಜ್ ಎರರ್ ಬಂದು, ಆಟೋ.ಆಫ್‌ಸೆಟ್.ರೀಸೆಟ್ ಡೀಫಾಲ್ಟ್ ಲೇಟೆಸ್ಟ್ ಆಗಿದ್ದರೆ ನಡುವಿನ ಮೆಸೇಜ್ ಎಲ್ಲಾ ಹಾರಿಸಿ ಸೀದಾ ಕೊನೆಗೆ ಹೋಗುತ್ತದೆ.

2. ಲೀಡರ್ ಬ್ರೋಕರ್‌ನಲ್ಲಿ (ಆ ಪಾರ್ಟಿಶನ್‌ನ ಬರಹ ಮೊದಲು ಸ್ವೀಕರಿಸುವುದು) ಲಾಗ್ ಫೈಲ್‌ಗಳ ಕೊನೇ ಬರಹದ ಸಮಯ ನೋಡಿ, ಒಂದು ದಿನಕ್ಕಿಂತ ಈಚೆಗಿನ ಮೊದಲ ಫೈಲ್ ಆರಿಸಿ. ಫೈಲಿನ ಹೆಸರಲ್ಲಿರುವ ಸಂಖ್ಯೆಯೇ ಅದರ ಮೊದಲ ಆಫ್‌ಸೆಟ್. ಎಡಗಡೆಯ ಸೊನ್ನೆ ತೆಗೆದರೆ ನಿಮಗೆ ಬೇಕಾದ ಗಡಿ.

3. ಜೇಸನ್ ಫೈಲಿನಲ್ಲಿ ಟಾಪಿಕ್, ಪಾರ್ಟಿಶನ್, ಆಫ್‌ಸೆಟ್ ಮೂರೂ ಕೊಟ್ಟು, ವರ್ಶನ್ 1 ಅಂತ ಹಾಕಿ, ಕಾಫ್ಕಾ-ಡಿಲೀಟ್-ರೆಕಾರ್ಡ್ಸ್‌ಗೆ ಆಫ್‌ಸೆಟ್-ಜೇಸನ್-ಫೈಲ್ ಆಗಿ ಕೊಡಿ. ಕೊಟ್ಟ ಆಫ್‌ಸೆಟ್‌ಗಿಂತ ಹಿಂದಿನದು ಹೋಗುತ್ತದೆ, ಅದು ಉಳಿಯುತ್ತದೆ. ಎಲ್ಲೋ ನೋಡಿದ್ದು ಅಂತ ಮೈನಸ್ 1 ಹಾಕಬೇಡಿ, ಅದು ಹೈ ವಾಟರ್‌ಮಾರ್ಕ್‌ವರೆಗೂ, ಅಂದರೆ ಇರುವುದನ್ನೆಲ್ಲ ಒರೆಸುತ್ತದೆ.

ಕಮಾಂಡ್ ಮುಗಿದ ಕೂಡಲೇ ಲೋ ವಾಟರ್‌ಮಾರ್ಕ್ (ಉಳಿದದ್ದರ ಮೊದಲ ಆಫ್‌ಸೆಟ್) ತೋರಿಸುತ್ತದೆ, ಕನ್ಸ್ಯೂಮರ್‌ಗಳಿಗೆ ಹಳೇದು ಕಾಣುವುದು ನಿಲ್ಲುತ್ತದೆ. ಡಿಸ್ಕ್ ಮಾತ್ರ ತಕ್ಷಣ ಇಳಿಯಲ್ಲ. ರಿಟೆನ್ಷನ್ ಪರಿಶೀಲನೆ 5 ನಿಮಿಷಕ್ಕೊಮ್ಮೆ (300000 ಎಂಎಸ್), ಆಮೇಲೆ ಫೈಲಿನ ಹೆಸರಿಗೆ ಡಿಲೀಟೆಡ್ ಅಂತ ಬಾಲ ಸೇರಿಸಿ, ಫೈಲ್.ಡಿಲೀಟ್.ಡಿಲೇ.ಎಂಎಸ್ ಡೀಫಾಲ್ಟ್ 60000 ಕಾದು ನಿಜವಾಗಿ ತೆಗೆಯುತ್ತದೆ. ಆರೇಳು ನಿಮಿಷ ಸುಮ್ಮನಿರಿ, ಕಮಾಂಡ್ ಮತ್ತೆ ಮತ್ತೆ ಹೊಡೆಯಬೇಡಿ.

ಕಿರಿಯ_ಎಸ್‌ಆರ್‌ಇ
ಫೈಲ್ ಸಮಯ ನೋಡೋದ್ಯಾಕೆ ಸರ್? ಕಾಫ್ಕಾ-ಗೆಟ್-ಆಫ್‌ಸೆಟ್ಸ್‌ಗೆ ಟೈಮ್ ಕೊಟ್ರೆ ನಿನ್ನೆ ಈ ಹೊತ್ತಿನ ಆಫ್‌ಸೆಟ್ ಅದೇ ಹೇಳುತ್ತಲ್ಲ?

ತುಂಗಾತೀರ
ಸಾಮಾನ್ಯವಾಗಿ ಹೌದು, ಈ ಪಾರ್ಟಿಶನ್‌ಗಳಲ್ಲಿ ಅಲ್ಲ. ಆ ಹುಡುಕಾಟ ವಾಪಸ್ ಕೊಡುವುದು 'ಕೇಳಿದ ಸಮಯಕ್ಕೆ ಸಮ ಅಥವಾ ಅದಕ್ಕಿಂತ ದೊಡ್ಡ ಟೈಮ್‌ಸ್ಟ್ಯಾಂಪ್ ಇರುವ ಮೊದಲ ಆಫ್‌ಸೆಟ್'. ಮೈಕ್ರೋಸೆಕೆಂಡ್ ಮೆಸೇಜ್ ಯಾವಾಗಲೂ ದೊಡ್ಡದೇ. ಹಾಗಾಗಿ ನಿನ್ನೆ ಎಂದು ಕೇಳಿದರೂ, ಇವತ್ತು ಎಂದು ಕೇಳಿದರೂ, ಮೂರು ವಾರದ ಹಿಂದಿನ ಮೊದಲ ಕೆಟ್ಟ ಮೆಸೇಜಿನ ಆಫ್‌ಸೆಟ್ಟೇ ಬರುತ್ತದೆ. ಕನ್ಸ್ಯೂಮರ್ ಗ್ರೂಪ್ ರೀಸೆಟ್‌ನಲ್ಲಿ ಟು-ಡೇಟ್‌ಟೈಮ್ ಕೊಟ್ಟರೂ ಇದೇ ತಪ್ಪು. ಯಾರಾದರೂ ಈ ಟಾಪಿಕ್‌ನಲ್ಲಿ 'ಬೆಳಗ್ಗೆ 6ರಿಂದ ಮತ್ತೆ ಓದಿಸು' ಎಂದು ರೀಸೆಟ್ ಮಾಡಿದ್ದರೆ, 3 ಮತ್ತು 8ರಲ್ಲಿ ವಾರಗಟ್ಟಲೆ ಹಳೆಯ ಡೇಟಾ ಮತ್ತೊಮ್ಮೆ ಹರಿದಿರುತ್ತದೆ. ಅದನ್ನೂ ಒಮ್ಮೆ ವಿಚಾರಿಸಿ.

ಫೈಲ್ ಸಮಯಕ್ಕೂ ಒಂದು ಎಚ್ಚರಿಕೆ. ಇತ್ತೀಚೆಗೆ ರೆಪ್ಲಿಕಾ ಒಂದು ಬ್ರೋಕರ್‌ನಿಂದ ಇನ್ನೊಂದಕ್ಕೆ ಸ್ಥಳಾಂತರ ಆಗಿದ್ದರೆ ಅಲ್ಲಿನ ಫೈಲ್‌ಗಳ ಸಮಯ ನಕಲಾದ ಹೊತ್ತಿನದು. ಹಾಗಾಗದ ಬ್ರೋಕರ್‌ನಲ್ಲಿ ನೋಡಿ, ಅಥವಾ ಮೆಸೇಜಿನ ಒಳಗಿನ ಸಮಯವನ್ನೇ ಡಂಪ್ ಮಾಡಿ ಓದಿ.

ಧಾರವಾಡ_ಡೆವ್
ಇನ್ನೊಂದ್ ಮಾತ್ರಿ. ಎಲ್ಲಾ ಆದ ಮ್ಯಾಲೂ ಡಿಎಫ್ (ಡಿಸ್ಕಿನ ಒಟ್ಟು ಲೆಕ್ಕ) ಇಳೀಲಿಲ್ಲ, ಡಿಯು (ಕಾಣೂ ಫೈಲ್‌ಗಳ ಲೆಕ್ಕ) ಮಾತ್ರ ಇಳೀತು ಅಂದ್ರ ಯಾರೋ ಅಳಿಸಿದ ಫೈಲ್ ಹಿಡಕೊಂಡ ಕುಂತಾರ ಅಂತ ಅರ್ಥ. ತೆರೆದ ಫೈಲ್ ತೋರಸೂ ಎಲ್‌ಎಸ್‌ಒಎಫ್‌ಗೆ ಪ್ಲಸ್ ಎಲ್1 ಕೊಟ್ಟು ನೋಡ್ರಿ. ಬ್ಯಾಕಪ್ ಏಜೆಂಟ್, ಸ್ಕ್ಯಾನರ್ ಇಂಥವು ಹಿಂಗ ಮಾಡ್ತಾವ. ಕಾಫ್ಕಾ ಡೇಟಾ ಡೈರೆಕ್ಟರಿಯನ್ನ ಅವುಗಳ ಪಟ್ಟಿಯಿಂದ ಹೊರಗ ಇಡ್ರಿ.

ಡಿಯು ಹಾಕುವಾಗ ಪಾರ್ಟಿಶನ್ ಡೈರೆಕ್ಟರಿ ಹೆಸರಿನ ಬಾಲಾನೂ ನೋಡ್ರಿ. ಡಿಲೀಟ್ ಅಂತ ಇದ್ರ ಅಳಿಸಿದ ಟಾಪಿಕ್ ಇನ್ನೂ ಹೋಗಿಲ್ಲ. ಫ್ಯೂಚರ್ ಅಂತಿದ್ರ ಒಂದ ಬ್ರೋಕರ್‌ನಾಗ ಒಂದು ಡಿಸ್ಕ್‌ನಿಂದ ಇನ್ನೊಂದಕ್ಕ ಸಾಗಸೂದು ಅರ್ಧಕ್ಕ ನಿಂತೈತಿ. ಸ್ಟ್ರೇ ಅಂದ್ರ ಈ ಬ್ರೋಕರ್‌ಗೆ ಸೇರದ ಅನಾಥ ರೆಪ್ಲಿಕಾ. ಇವು ಯಾವೂ ರಿಟೆನ್ಷನ್ ಸಮಸ್ಯೆ ಅಲ್ಲ, ಆದ್ರ ಎಲ್ಲಾರೂ ರಿಟೆನ್ಷನ್ನ ಬೈತಾರ.

ಗಾಡಿಲೆಕ್ಕ
3 ಮತ್ತು 8 ಎರಡೂ 4 ಜಿಬಿ ಒಳಗೆ ಬಂದಿವೆ, ಮೂರು ಬ್ರೋಕರ್‌ಗಳಲ್ಲೂ. ಧನ್ಯವಾದ. ಇದು ಮತ್ತೆ ಆಗದ ಹಾಗೆ ಏನು ಮಾಡೋದು? ಲಾಗ್‌ಅಪೆಂಡ್‌ಟೈಮ್ ಮಾಡಿಬಿಡ್ಲಾ?

ಹಳೇಬ್ರೋಕರ್
ನನ್ನ ಮತ ಅದಕ್ಕೇ. ಮೆಸೇಜ್.ಟೈಮ್‌ಸ್ಟ್ಯಾಂಪ್.ಟೈಪ್ ಅನ್ನು ಲಾಗ್‌ಅಪೆಂಡ್‌ಟೈಮ್ ಮಾಡಿದರೆ ಬ್ರೋಕರ್ ತನ್ನ ಗಡಿಯಾರದ ಸಮಯ ಹಾಕುತ್ತದೆ. ಸಾಧನ ಏನೇ ಕಳಿಸಲಿ, ರಿಟೆನ್ಷನ್ ಕೆಡಲ್ಲ. ಊರೆಲ್ಲ ಅಲೆಯುವ ಜಿಪಿಎಸ್ ಪೆಟ್ಟಿಗೆಯ ಗಡಿಯಾರ ನಂಬಿ ಡಿಸ್ಕ್ ನಿರ್ವಹಣೆ ಮಾಡುವುದು ಯಾಕೆ? ಸಾಧನದ ಸಮಯ ಮೆಸೇಜಿನ ಒಳಗೆ ಒಂದು ಫೀಲ್ಡ್ ಆಗಿ ಇರಲಿ.

ತುಂಗಾತೀರ
ಸ್ಟ್ರೀಮ್ಸ್ ಅಪ್ಲಿಕೇಶನ್ (ಮೆಸೇಜ್ ಬಂದಂತೆ ಲೆಕ್ಕ ಹಾಕುವ ಪ್ರೋಗ್ರಾಂ) ಇಲ್ಲದಿದ್ದರೆ ಒಪ್ಪುತ್ತೇನೆ. ಇದ್ದರೆ ಯೋಚಿಸಿ: ಕಾಫ್ಕಾ ಸ್ಟ್ರೀಮ್ಸ್ ಡೀಫಾಲ್ಟ್ ಆಗಿ ರೆಕಾರ್ಡ್ ಟೈಮ್‌ಸ್ಟ್ಯಾಂಪ್ ಹಿಡಿದೇ ವಿಂಡೋ (ಲೆಕ್ಕ ಹಾಕುವ ಸಮಯದ ತುಂಡು) ಕಟ್ಟುತ್ತದೆ. ಸಿಗ್ನಲ್ ಸಿಗದೆ ಅರ್ಧ ಗಂಟೆ ತಡವಾಗಿ ಒಟ್ಟಿಗೆ ಬಂದ ಲೊಕೇಶನ್‌ಗಳು ಒಂದೇ ನಿಮಿಷದ ವಿಂಡೋಗೆ ಬಿದ್ದು, ಗಾಡಿ ವಿಮಾನದ ವೇಗದಲ್ಲಿ ಓಡಿದಂತೆ ಲೆಕ್ಕ ಬರುತ್ತದೆ. ಟೈಮ್‌ಸ್ಟ್ಯಾಂಪ್ ಎಕ್ಸ್‌ಟ್ರ್ಯಾಕ್ಟರ್ ಬರೆದು ಒಳಗಿನ ಫೀಲ್ಡ್ ಓದಿಸಬಹುದು, ಆದರೆ ಪ್ರತಿ ಅಪ್ಲಿಕೇಶನ್‌ನಲ್ಲೂ ನೆನಪಿಟ್ಟು ಮಾಡಬೇಕು.

ಕ್ರಿಯೇಟ್‌ಟೈಮ್ (ಕಳಿಸುವವರೇ ಹಾಕಿದ ಸಮಯ) ಉಳಿಸಿಕೊಂಡೇ ಬಾಗಿಲು ಹಾಕಬಹುದು. 3.6ರಿಂದ ಮೆಸೇಜ್.ಟೈಮ್‌ಸ್ಟ್ಯಾಂಪ್.ಆಫ್ಟರ್.ಮ್ಯಾಕ್ಸ್.ಎಂಎಸ್ ಇದೆ. ಅದನ್ನು 3600000 ಮಾಡಿದರೆ ಬ್ರೋಕರ್ ಗಡಿಯಾರಕ್ಕಿಂತ ಒಂದು ಗಂಟೆಗೂ ಮೀರಿ ಮುಂದಿರುವುದನ್ನು ತಿರಸ್ಕರಿಸುತ್ತದೆ. 3.7ರಲ್ಲಿ ಇದರ ಡೀಫಾಲ್ಟ್ ಮಿತಿಯೇ ಇಲ್ಲದಷ್ಟು ದೊಡ್ಡದು, 4.0ರಿಂದ ಡೀಫಾಲ್ಟೇ ಒಂದು ಗಂಟೆ. ಅಂದರೆ ಗೇಟ್‌ವೇ ತಿದ್ದದೆ 4.0ಗೆ ಅಪ್‌ಗ್ರೇಡ್ ಮಾಡಿದ್ದರೆ ಆ ದಿನವೇ ನಿಮ್ಮ ಗೇಟ್‌ವೇಗೆ ಎರರ್ ಸುರಿಮಳೆ.

ತಿರಸ್ಕಾರ ಬ್ಯಾಚ್ ಮಟ್ಟದಲ್ಲಿ ಆಗುತ್ತದೆ ಎಂಬುದು ಮುಖ್ಯ. ಒಂದು ಕೆಟ್ಟ ಟೈಮ್‌ಸ್ಟ್ಯಾಂಪ್ ಇದ್ದರೆ ಆ ಬ್ಯಾಚಿನಲ್ಲಿ ಜೊತೆಗಿದ್ದ ಸರಿಯಾದ ಗಾಡಿಗಳ ಮೆಸೇಜ್ ಕೂಡ ಒಳಗೆ ಹೋಗುವುದಿಲ್ಲ. ಈ ಎರರ್‌ಗೆ ಪ್ರೊಡ್ಯೂಸರ್ (ಮೆಸೇಜ್ ಕಳಿಸುವ ಪ್ರೋಗ್ರಾಂ) ತಾನಾಗಿ ಮರುಪ್ರಯತ್ನವನ್ನೂ ಮಾಡುವುದಿಲ್ಲ. ಹಾಗಾಗಿ ಮೊದಲು ಗೇಟ್‌ವೇ ತಿದ್ದಿ: ಬಂದ ಸಂಖ್ಯೆ 16 ಅಂಕಿ ಇದ್ದರೆ 1000ದಿಂದ ಭಾಗಿಸಿ, 10 ಅಂಕಿ ಇದ್ದರೆ 1000ದಿಂದ ಗುಣಿಸಿ, ಫಲಿತಾಂಶ ಈಗಿನ ಸಮಯಕ್ಕಿಂತ ಹತ್ತು ನಿಮಿಷ ಮುಂದಿದ್ದರೆ ಗೇಟ್‌ವೇಯ ಸಮಯ ಹಾಕಿ. ಅದು ಓಡುತ್ತಿದೆ ಎಂದು ಖಾತ್ರಿಯಾದ ಮೇಲೆ ಬ್ರೋಕರ್ ಮಿತಿ ಹಾಕಿ.

ಕೊನೆಯ ತಡೆಯಾಗಿ ರಿಟೆನ್ಷನ್.ಬೈಟ್ಸ್ ಕೂಡ ಇರಲಿ. ಸಮಯ, ಸೈಜ್ ಎರಡರಲ್ಲಿ ಯಾವುದು ಮೊದಲು ಮೀರುತ್ತದೋ ಅದು ಅಳಿಸುತ್ತದೆ. ಸೈಜ್ ಲೆಕ್ಕಕ್ಕೆ ಟೈಮ್‌ಸ್ಟ್ಯಾಂಪ್ ಬೇಡ.

ಕಿರಿಯ_ಎಸ್‌ಆರ್‌ಇ
ರಿಟೆನ್ಷನ್.ಬೈಟ್ಸ್ ಅಂದ್ರೆ ಇಡೀ ಟಾಪಿಕ್‌ಗೆ ತಾನೇ? 96 ಜಿಬಿ ಹಾಕಿದ್ರೆ ಪಾರ್ಟಿಶನ್‌ಗೆ 8 ಬೀಳುತ್ತಾ?

ಹಳೇಬ್ರೋಕರ್
ಇಲ್ಲಪ್ಪ, ಪಾರ್ಟಿಶನ್‌ಗೆ. 96 ಹಾಕಿದರೆ ಪ್ರತಿ ಪಾರ್ಟಿಶನ್‌ಗೂ 96, ಒಂದೊಂದು ರೆಪ್ಲಿಕಾಗೂ 96. ಇಷ್ಟು ಡಿಸ್ಕ್ ತುಂಬಿಸಿದ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ.

ಜೊತೆಗೆ ಅದು ಗರಿಷ್ಠ ಮಿತಿಯೂ ಅಲ್ಲ. ಒಂದು ಸೆಗ್ಮೆಂಟ್ ತೆಗೆದ ಮೇಲೂ ಉಳಿಯುವುದು ಮಿತಿಯಷ್ಟಾದರೂ ಇರಬೇಕು, ಆಗ ಮಾತ್ರ ತೆಗೆಯುತ್ತದೆ. ಅಂದರೆ ಪಾರ್ಟಿಶನ್ ಒಂದು ಸೆಗ್ಮೆಂಟ್‌ನಷ್ಟು ಹೆಚ್ಚು ಬೆಳೆಯಬಹುದು. ಲೆಕ್ಕ: ರಿಟೆನ್ಷನ್.ಬೈಟ್ಸ್ ಪ್ಲಸ್ ಸೆಗ್ಮೆಂಟ್.ಬೈಟ್ಸ್, ಗುಣಿಸು ಪಾರ್ಟಿಶನ್, ಗುಣಿಸು ರೆಪ್ಲಿಕೇಶನ್. 5 ಜಿಬಿ ಮಿತಿ, 1 ಜಿಬಿ ಸೆಗ್ಮೆಂಟ್, 12 ಪಾರ್ಟಿಶನ್, 3 ರೆಪ್ಲಿಕಾ ಅಂದ್ರೆ 216 ಜಿಬಿ; ಮೂರು ಬ್ರೋಕರ್ ಇದ್ದರೆ ತಲಾ 72. ಇದರ ಮೇಲೆ ಕಾಲು ಭಾಗ ಖಾಲಿ ಬಿಡಿ.

ರೂಟ್_ಯೂಸರ್
ಸರಿ, ಆರ್‌ಎಂ ವಾಪಸ್ ತಗೊಂಡೆ 🙂 ನಂದೊಂದು ಪ್ರಶ್ನೆ. ಆಕ್ಟಿವ್ ಸೆಗ್ಮೆಂಟ್ (ಈಗ ಬರೀತಿರೋದು) ಯಾವತ್ತೂ ಅಳಿಯಲ್ಲ ಅಂತ ಎಲ್ಲಾ ಕಡೆ ಬರೆದಿರ್ತಾರೆ. ಆದ್ರೆ ನಮ್ಮ ಟೆಸ್ಟ್ ಟಾಪಿಕ್ ಒಂದರಲ್ಲಿ ಇದ್ದ ಒಂದೇ ಸೆಗ್ಮೆಂಟ್ ಖಾಲಿ ಆಯ್ತು. ಹೇಗೆ?

ತುಂಗಾತೀರ
ಅದು ಅರ್ಧ ಸತ್ಯ. ಆಕ್ಟಿವ್ ಸೆಗ್ಮೆಂಟ್‌ಗೆ ಮೆಸೇಜ್ ಬರುತ್ತಲೇ ಇದ್ದರೆ ಅದರ ಅತಿ ದೊಡ್ಡ ಟೈಮ್‌ಸ್ಟ್ಯಾಂಪ್ ಹೊಸದಾಗುತ್ತಲೇ ಇರುತ್ತದೆ, ಹಾಗಾಗಿ ಅವಧಿ ಮೀರುವುದಿಲ್ಲ. ಮೆಸೇಜ್ ಬರುವುದೇ ನಿಂತು, ಕೊನೆಯ ಮೆಸೇಜಿನದ್ದೂ ಅವಧಿ ಮುಗಿದರೆ ಕಾಫ್ಕಾ ಖಾಲಿ ಸೆಗ್ಮೆಂಟ್ ತೆರೆದು ಹಳೆಯ ಆಕ್ಟಿವ್ ಅನ್ನು ಅಳಿಸುತ್ತದೆ.

ತೊಂದರೆ ಕೊಡುವುದು ನಡುವಿನ ಸ್ಥಿತಿ: ದಿನಕ್ಕೆ ಹತ್ತಿಪ್ಪತ್ತು ಮೆಸೇಜ್ ಬರುವ ಟಾಪಿಕ್. ಡೀಫಾಲ್ಟ್ ಸೆಗ್ಮೆಂಟ್ 1 ಜಿಬಿ ಎಂದೂ ತುಂಬುವುದಿಲ್ಲ, ಸೆಗ್ಮೆಂಟ್.ಎಂಎಸ್ ಡೀಫಾಲ್ಟ್ 7 ದಿನ. ರಿಟೆನ್ಷನ್ 1 ದಿನ ಇದ್ದರೂ ಮೊದಲ ಮೆಸೇಜ್ 8 ದಿನ ಬದುಕುತ್ತದೆ. ವೈಯಕ್ತಿಕ ಮಾಹಿತಿ ಇಷ್ಟು ಗಂಟೆಯೊಳಗೆ ಅಳಿಯಬೇಕು ಎಂಬ ನಿಯಮವಿರುವ ಕಡೆ ಇದು ಗಂಭೀರ. ಅಂಥ ಟಾಪಿಕ್‌ಗೆ ಸೆಗ್ಮೆಂಟ್.ಎಂಎಸ್ ಅನ್ನು ಒಂದು ಗಂಟೆ ಮಾಡಿ. ಎಲ್ಲಾ ಟಾಪಿಕ್‌ಗೂ ಹಾಗೆ ಮಾಡಬೇಡಿ. ಪ್ರತಿ ಸೆಗ್ಮೆಂಟ್ ಜೊತೆ ಇಂಡೆಕ್ಸ್ ಫೈಲ್‌ಗಳೂ ತೆರೆದಿರುತ್ತವೆ, ಫೈಲ್ ಮಿತಿ ಮುಟ್ಟುತ್ತದೆ.

ಸಂಗಮ_77
ನಮ್ಮದು ಉಲ್ಟಾ ತೊಂದರೆ. ಹಳೇ ಕ್ಲಸ್ಟರ್‌ನಿಂದ ಹೊಸದಕ್ಕೆ ಮಿರರ್‌ಮೇಕರ್ 2 ಹಾಕಿ 30 ದಿನದ ಡೇಟಾ ತಂದ್ವಿ. ಕಾಪಿ ಆಗ್ತಾ ಆಗ್ತಾನೇ ಹಳೇದು ಮಾಯ. ಕೊನೇ 7 ದಿನದ್ದು ಮಾತ್ರ ನಿಲ್ಲುತ್ತೆ.

ಹಳೇಬ್ರೋಕರ್
ಮಿರರ್‌ಮೇಕರ್ 2 ಮೂಲ ಟೈಮ್‌ಸ್ಟ್ಯಾಂಪ್ ಉಳಿಸಿಕೊಂಡೇ ಕಾಪಿ ಮಾಡುತ್ತದೆ. ಹೊಸ ಟಾಪಿಕ್‌ನಲ್ಲಿ ಡೀಫಾಲ್ಟ್ 168 ಗಂಟೆ ಇದ್ದರೆ 30 ದಿನದ ಹಿಂದಿನ ಮೆಸೇಜ್ ಹುಟ್ಟುವಾಗಲೇ ಅವಧಿ ಮೀರಿದ್ದು. ಕಾಪಿ ಶುರು ಮಾಡುವ ಮುಂಚೆಯೇ ಹೊಸ ಟಾಪಿಕ್‌ನ ರಿಟೆನ್ಷನ್.ಎಂಎಸ್ ಹೆಚ್ಚಿಸಿ. ಈಗಾಗಲೇ ಹೋದದ್ದು ವಾಪಸ್ ಬರಲ್ಲ, ಮತ್ತೆ ಕಾಪಿ ಮಾಡಬೇಕು.

ಪ್ರೊಡ್ಯೂಸರ್ ಸೆಕೆಂಡ್‌ನಲ್ಲಿ ಕಳಿಸಿದರೂ ಹೀಗೇ ಮಾಯವಾಗುತ್ತದೆ. 10 ಅಂಕಿಯ ಸಂಖ್ಯೆಯನ್ನು ಮಿಲಿಸೆಕೆಂಡ್ ಅಂತ ಓದಿದರೆ 1970ರ ಜನವರಿ 21ರ ಹತ್ತಿರ ಬರುತ್ತದೆ. ಅದು ಸರಿಯಾದ ಮೆಸೇಜ್‌ಗಳ ಜೊತೆ ಬೆರೆತು ಬಂದರೆ ಇನ್ನೂ ಮಜಾ: ಸೆಗ್ಮೆಂಟ್ 1970ರಿಂದ ಶುರುವಾದರೆ, ಮುಂದಿನ ಸರಿಯಾದ ಬ್ಯಾಚ್ ಬಂದ ಕೂಡಲೇ ಮುಚ್ಚಿ, ಅಲ್ಲಲ್ಲಿ ಪುಡಿ ಸೆಗ್ಮೆಂಟ್ ಆಗುತ್ತವೆ.

ಸ್ಟ್ರೀಮ್_ತೊರೆ
ಕಾಂಪ್ಯಾಕ್ಟ್ ಪಾಲಿಸಿ (ಪ್ರತಿ ಕೀಯ ಕೊನೇ ಮೆಸೇಜ್ ಮಾತ್ರ ಉಳಿಸೋದು) ಬಗ್ಗೆಯೂ ಹೇಳಿ. ಕನ್ಸ್ಯೂಮರ್ ಆಫ್‌ಸೆಟ್ಸ್ ಟಾಪಿಕ್‌ನ (ಗ್ರೂಪ್‌ಗಳು ಎಲ್ಲೀವರೆಗೆ ಓದಿವೆ ಅಂತ ಕಾಫ್ಕಾ ಬರೆದಿಡೋದು) ಒಂದೇ ಪಾರ್ಟಿಶನ್ 40 ಜಿಬಿ ಆಗಿದೆ, ಉಳಿದ 49 ಸಣ್ಣವೇ.

ತುಂಗಾತೀರ
ಅಲ್ಲಿ ಕೆಲಸ ಮಾಡುವುದು ರಿಟೆನ್ಷನ್ ಅಲ್ಲ, ಲಾಗ್ ಕ್ಲೀನರ್ ಥ್ರೆಡ್. ಮೂರು ಕಡೆ ನೋಡಿ.

ಹಳೆಯ ಪ್ರಾಪರ್ಟೀಸ್ ಫೈಲ್ ವರ್ಷಗಳಿಂದ ಹೊತ್ತು ತಂದಿದ್ದರೆ ಲಾಗ್.ಕ್ಲೀನರ್.ಎನೇಬಲ್ ಫಾಲ್ಸ್ ಎಂದು ಉಳಿದಿರಬಹುದು. ಆದರೆ ಹಾಗಿದ್ದರೆ ಎಲ್ಲಾ ಪಾರ್ಟಿಶನ್ ಬೆಳೆಯಬೇಕಿತ್ತು, ಒಂದೇ ಅಲ್ಲ.

ಎರಡನೆಯದು, ಕ್ಲೀನರ್ ಆ ಪಾರ್ಟಿಶನ್‌ನಲ್ಲಿ ಎಡವಿರುವುದು. ತುಂಬಾ ಹಳೆಯ ಆವೃತ್ತಿಗಳಲ್ಲಿ ಎರರ್ ಬಂದರೆ ಥ್ರೆಡ್ಡೇ ಸಾಯುತ್ತಿತ್ತು. 2.1ರಿಂದ ಆ ಪಾರ್ಟಿಶನ್ನನ್ನು ಮಾತ್ರ ಬದಿಗಿಟ್ಟು ಮುಂದೆ ಹೋಗುತ್ತದೆ. ಅನ್‌ಕ್ಲೀನಬಲ್ ಪಾರ್ಟಿಶನ್ಸ್ ಕೌಂಟ್ ಎಂಬ ಮೆಟ್ರಿಕ್ ಸೊನ್ನೆಗಿಂತ ಹೆಚ್ಚಿದ್ದರೆ ಲಾಗ್-ಕ್ಲೀನರ್ ಲಾಗ್ ಫೈಲಿನಲ್ಲಿ ಕಾರಣ ಇರುತ್ತದೆ.

ಮೂರನೆಯದು, ಮತ್ತು ನನ್ನ ಅನುಮಾನ ಇದರ ಮೇಲೆ: ಮುಗಿಯದೆ ಉಳಿದ ಟ್ರಾನ್ಸಾಕ್ಷನ್. ಕ್ಲೀನರ್ ಲಾಸ್ಟ್ ಸ್ಟೇಬಲ್ ಆಫ್‌ಸೆಟ್ ದಾಟಿ ಹೋಗುವುದಿಲ್ಲ. ಒಂದು ಟ್ರಾನ್ಸಾಕ್ಷನ್ ಕಮಿಟ್ಟೂ ಆಗದೆ, ಅಬಾರ್ಟೂ ಆಗದೆ ನೇತಾಡುತ್ತಿದ್ದರೆ ಅದರ ನಂತರದ ಡೇಟಾ ಎಲ್ಲಾ ಹಾಗೇ ಗುಡ್ಡೆ. ಕಾಫ್ಕಾ-ಟ್ರಾನ್ಸಾಕ್ಷನ್ಸ್ ಕಮಾಂಡ್‌ನಲ್ಲಿ (3.0ರಿಂದ ಇದೆ) ಫೈಂಡ್-ಹ್ಯಾಂಗಿಂಗ್ ಎಂದು ಬ್ರೋಕರ್ ಐಡಿ ಕೊಟ್ಟು ಹುಡುಕಿ. ಸಿಕ್ಕಿದರೆ ಅದೇ ಕಮಾಂಡ್‌ನ ಅಬಾರ್ಟ್‌ಗೆ ಟಾಪಿಕ್, ಪಾರ್ಟಿಶನ್, ಸ್ಟಾರ್ಟ್-ಆಫ್‌ಸೆಟ್ ಕೊಡಿ. ಅಬಾರ್ಟ್ ಮಾಡುವ ಮೊದಲು ಆ ಪ್ರೊಡ್ಯೂಸರ್ ನಿಜಕ್ಕೂ ಸತ್ತಿದೆ ಎಂದು ಖಚಿತಪಡಿಸಿಕೊಳ್ಳಿ.

ಈ ಟಾಪಿಕ್‌ಗೆ ಡಿಲೀಟ್-ರೆಕಾರ್ಡ್ಸ್ ನಡೆಯುವುದಿಲ್ಲ, ಆಂತರಿಕ ಟಾಪಿಕ್ ಎಂದು ತಿರಸ್ಕರಿಸುತ್ತದೆ; ಕಾಂಪ್ಯಾಕ್ಟ್ ಮಾತ್ರ ಇರುವ ಬೇರೆ ಟಾಪಿಕ್‌ಗಾದರೆ ಪಾಲಿಸಿ ಉಲ್ಲಂಘನೆ ಎಂದು ಹಿಂದಿರುಗಿಸುತ್ತದೆ. ಪಾಲಿಸಿಯನ್ನು ತಾತ್ಕಾಲಿಕವಾಗಿ ಡಿಲೀಟ್ ಮಾಡಿ ಎಂಬ ಸಲಹೆ ಅಲ್ಲಲ್ಲಿ ಕಾಣುತ್ತದೆ. ಮಾಡಿದರೆ ಗ್ರೂಪ್‌ಗಳ ಕಮಿಟ್ ಆದ ಆಫ್‌ಸೆಟ್‌ಗಳೇ ಹೋಗಬಹುದು.

ಸ್ಟ್ರೀಮ್_ತೊರೆ
ಒಂದು ಸಿಕ್ತು, ಏಪ್ರಿಲ್‌ನದ್ದು. ಅಬಾರ್ಟ್ ಮಾಡಿದೆ, ಕ್ಲೀನರ್ ಓಡ್ತಿದೆ. ಆದ್ರೆ ನಿಧಾನ. ಡಿಡ್ಯೂಪ್ ಬಫರ್ (ಕ್ಲೀನರ್ ಕೀಗಳನ್ನ ನೆನಪಿಟ್ಟುಕೊಳ್ಳೋ ಮೆಮೊರಿ) ಹೆಚ್ಚಿಸ್ಬೇಕಾ?

ಹಳೇಬ್ರೋಕರ್
ಲಾಗ್.ಕ್ಲೀನರ್.ಡಿಡ್ಯೂಪ್.ಬಫರ್.ಸೈಜ್ ಡೀಫಾಲ್ಟ್ 128 ಎಂಬಿ. ಒಂದು ಕೀಗೆ 24 ಬೈಟ್, 90 ಶೇಕಡಾ ಮಾತ್ರ ತುಂಬಿಸುತ್ತದೆ. ಒಂದು ಸುತ್ತಿಗೆ ಸುಮಾರು 50 ಲಕ್ಷ ಬೇರೆ ಬೇರೆ ಕೀ. ಕನ್ಸ್ಯೂಮರ್ ಆಫ್‌ಸೆಟ್ಸ್‌ನಲ್ಲಿ ಅಷ್ಟು ಕೀ ಇರುವುದಿಲ್ಲ, ಒಂದೇ ಕೀ ಲಕ್ಷಗಟ್ಟಲೆ ಸಲ ಬರೆದಿರುತ್ತದೆ. ಬಫರ್ ಬೇಡ, ಮುಗಿಯಲಿ ಬಿಡಿ. ಥ್ರೆಡ್ ಹೆಚ್ಚಿಸುವುದಾದರೆ ನೆನಪಿರಲಿ, ಬಫರ್ ಎಲ್ಲಾ ಥ್ರೆಡ್‌ಗಳಿಗೆ ಹಂಚಿಹೋಗುತ್ತದೆ. ಅದೂ ಅಲ್ಲದೆ ಒಂದು ಪಾರ್ಟಿಶನ್ ಮೇಲೆ ಒಂದೇ ಥ್ರೆಡ್ ಕೆಲಸ ಮಾಡೋದು, ನಿಮಗೆ ಲಾಭ ಇಲ್ಲ.

ಮೊಲದಮರಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ರ‍್ಯಾಬಿಟ್‌ಎಂಕ್ಯೂ (ಇನ್ನೊಂದು ಮೆಸೇಜ್ ಸಾಫ್ಟ್‌ವೇರ್) ಕ್ಲಾಸಿಕ್ ಕ್ಯೂನಲ್ಲಿ ಮೆಸೇಜ್‌ಗೊಂದು ಎಕ್ಸ್‌ಪೈರಿ ಹಾಕಿದ್ದೀವಿ, 1 ನಿಮಿಷದ್ದು 1 ಗಂಟೆ ಆದ್ರೂ ಕ್ಯೂನಲ್ಲೇ ಎಣಿಕೆಗೆ ಬರ್ತಿದೆ. ಅಲ್ಲೂ ಹೀಗೇನಾ?

ತುಂಗಾತೀರ
ತೋರಿಕೆ ಅದೇ, ಕಾರಣ ಬೇರೆ. ಮೆಸೇಜ್‌ಗೊಂದು ಎಕ್ಸ್‌ಪೈರಿ ಹಾಕಿದಾಗ ಅದು ಕ್ಯೂನ ತಲೆಗೆ ಬಂದಾಗ ಮಾತ್ರ ತೆಗೆಯುತ್ತದೆ. ಮುಂದೆ 2 ಗಂಟೆಯ ಮೆಸೇಜ್ ಇದ್ದರೆ ಹಿಂದಿನ 1 ನಿಮಿಷದ್ದು ಕಾಯಲೇಬೇಕು. ಕನ್ಸ್ಯೂಮರ್‌ಗೆ ಅದು ಹೋಗುವುದಿಲ್ಲ, ಆದರೆ ಎಣಿಕೆಯಲ್ಲೂ ಮೆಮೊರಿಯಲ್ಲೂ ಇರುತ್ತದೆ. ಒಂದೇ ಅವಧಿಯವನ್ನು ಒಂದು ಕ್ಯೂಗೆ ಹಾಕಿ, ಅವಧಿಯನ್ನು ಕ್ಯೂ ಮಟ್ಟದಲ್ಲೇ ಪಾಲಿಸಿಯಿಂದ ಕೊಡಿ. ಎರಡೂ ಕೊಟ್ಟಿದ್ದರೆ ಚಿಕ್ಕದು ನಡೆಯುತ್ತದೆ. ಬೆಲೆ ಮಿಲಿಸೆಕೆಂಡ್‌ನಲ್ಲಿ, 60 ಎಂದರೆ ನಿಮಿಷವಲ್ಲ.

ಗಾಡಿಲೆಕ್ಕ
ಗೇಟ್‌ವೇ ತಿದ್ದುಪಡಿ ಹೋಗಿದೆ, ಆಫ್ಟರ್.ಮ್ಯಾಕ್ಸ್ ಒಂದು ಗಂಟೆ, ರಿಟೆನ್ಷನ್.ಬೈಟ್ಸ್ ಪಾರ್ಟಿಶನ್‌ಗೆ 8 ಜಿಬಿ. ಇನ್ನು ಅಲರ್ಟ್ ಒಂದು ಬಾಕಿ. ಡಿಸ್ಕ್ 80 ಶೇಕಡಾ ಅಂತ ಈಗಾಗ್ಲೇ ಇದೆ, ಅದು ಕೂಗೋ ಹೊತ್ತಿಗೆ ತಡ ಆಗಿರುತ್ತೆ.

ಹಳೇಬ್ರೋಕರ್
ಪ್ರತಿ ಪಾರ್ಟಿಶನ್‌ಗೆ ಲಾಗ್‌ಸ್ಟಾರ್ಟ್‌ಆಫ್‌ಸೆಟ್ ಮತ್ತು ಲಾಗ್‌ಎಂಡ್‌ಆಫ್‌ಸೆಟ್ ಜೆಎಂಎಕ್ಸ್‌ನಲ್ಲಿ (ಬ್ರೋಕರ್‌ನ ಮೆಟ್ರಿಕ್ ಓದುವ ದಾರಿ) ಸಿಗುತ್ತವೆ. ಎಂಡ್ ಮುಂದೆ ಹೋಗುತ್ತಿದ್ದು ಸ್ಟಾರ್ಟ್ 48 ಗಂಟೆಯಿಂದ ಕದಲಿಲ್ಲ ಅಂದ್ರೆ ಕೂಗಲಿ. ಒಂದು ದಿನದ ರಿಟೆನ್ಷನ್‌ಗೆ ಎರಡು ದಿನ, ಏಳು ದಿನದ್ದಕ್ಕೆ ಹದಿನಾಲ್ಕು. ನಿಧಾನವಾಗಿ ಮೆಸೇಜ್ ಬರುವ ಟಾಪಿಕ್ ಇದ್ದರೆ ಮೇಲೆ ಹೇಳಿದ ಸೆಗ್ಮೆಂಟ್.ಎಂಎಸ್ ಅವಧಿಯನ್ನೂ ಅದಕ್ಕೆ ಕೂಡಿಸಿ, ಇಲ್ಲಾಂದ್ರೆ ರಾತ್ರಿ ಸುಮ್ಮನೆ ಫೋನ್ ಬರುತ್ತೆ. ಕಾಂಪ್ಯಾಕ್ಟ್ ಟಾಪಿಕ್‌ಗಳನ್ನು ಈ ಅಲರ್ಟ್‌ನಿಂದ ಹೊರಗಿಡಿ, ಅಲ್ಲಿ ಸ್ಟಾರ್ಟ್ ಕದಲದೇ ಇರುವುದು ಸಹಜ.